ಎರೆನೆಲದ ಟ್ರ್ಯಾಕ್ಟರಿಗೆ ಯಾವ ಎಣ್ಣೆ?

ಕಳೆದ ಸಂಚಿಕೆಯಲ್ಲಿ ಬೀಜ ಕಾಪಾಡುವ ಬಗೆಯನ್ನು ಕುರಿತು ನಾವು ಬರೆದ ನಾಲ್ಕು ಮಾತುಗಳನ್ನು ಓದಿ ನರಗುಂದದ ಕಡೆಯ ಭಕ್ತರೊಬ್ಬರು ಪತ್ರ ಬರೆದಿದ್ದಾರೆ. “ಬೀಜದ ಮಾತು ಆಯಿತು, ಬಿತ್ತುವ ಟ್ರ್ಯಾಕ್ಟರಿನ ಮಾತನ್ನೂ ಒಮ್ಮೆ ಆಡಬೇಕು. ಎಂಜಿನ್ನಿಗೆ ಸಿಂಥೆಟಿಕ್ ಎಣ್ಣೆಯನ್ನೇ ಹಾಕಿರೆಂದು ಅಂಗಡಿಯವರು ಹೇಳುತ್ತಾರೆ. ಅದು ದುಡ್ಡು ಸುರಿಯುವ ಕೆಲಸವೆಂದು ಮಿಸ್ತ್ರಿ ಹೇಳುತ್ತಾನೆ. ಮನೆಯಲ್ಲಿ ಹಿರಿಯರದು ಒಂದು ಹಾದಿ, ಹುಡುಗರದು ಇನ್ನೊಂದು. ನಾವು ಯಾರ ಮಾತು ಹಿಡಿಯಬೇಕು?” ಎಂಬುದು ಅವರ ಪ್ರಶ್ನೆ.

ಮಠದಲ್ಲಿ ಓದಿದವರಿಗೂ ಎಂಜಿನ್ನಿನ ಎಣ್ಣೆಗೂ ಏನು ನಂಟು ಎಂದು ಕೆಲವು ಓದುಗರು ನಗಬಹುದು. ನಂಟು ಇದೆ. ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಮಠದ ಹೊಲಗಳಿಗೆಂದು ಒಂದು ಟ್ರ್ಯಾಕ್ಟರು ಬಂದಿತ್ತು. ಮುಂಜಾನೆ ವ್ಯಾಕರಣದ ಪಾಠ, ಸಂಜೆ ಆ ಟ್ರ್ಯಾಕ್ಟರು ದುಡಿದ ತಾಸುಗಳನ್ನು ಪುಸ್ತಕದಲ್ಲಿ ಬರೆದಿಡುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ಎಷ್ಟು ತಾಸಿಗೆ ಎಣ್ಣೆ ಬದಲಾಯಿಸಿತು, ಎಷ್ಟು ಡೀಸೆಲ್ ಕುಡಿಯಿತು ಎಂಬ ಲೆಕ್ಕ ತಪ್ಪಿದರೆ ಸೂತ್ರ ತಪ್ಪಿದಾಗ ಬೀಳುತ್ತಿದ್ದಷ್ಟೇ ಬೈಗುಳ ಬೀಳುತ್ತಿತ್ತು. ಸಂಸ್ಕೃತದಲ್ಲಿ ಸ್ನೇಹ ಎಂಬ ಶಬ್ದಕ್ಕೆ ಪ್ರೀತಿಯೆಂಬ ಅರ್ಥವೂ ಉಂಟು, ಎಣ್ಣೆಯೆಂಬ ಅರ್ಥವೂ ಉಂಟು ಎಂಬುದನ್ನು ಪಾಠದಲ್ಲಿ ಕೇಳಿದ ದಿನವೇ ಸಂಜೆ ಕೈಯೆಲ್ಲ ಎಣ್ಣೆ ಮಾಡಿಕೊಂಡು ನಿಂತದ್ದು ನಮಗೆ ಇನ್ನೂ ನೆನಪಿದೆ.

ಪತ್ರಕ್ಕೆ ಉತ್ತರ ಕೊಡುವ ಮುನ್ನ, ಹೋದ ಹಿಂಗಾರಿಯಲ್ಲಿ ರೋಣದ ಸೀಮೆಯ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಬೇಕು. ಊರಿನ ಹೆಸರು ಬೇಡ, ಮನೆತನದ ಹೆಸರೂ ಬೇಡ. ಆ ಮನೆಯ ತಾಯಿ ಒಂದು ದಿನ ನಮ್ಮಲ್ಲಿಗೆ ಬಂದು ಕಣ್ಣೀರು ತೆಗೆದರು. “ಎರಡು ತಿಂಗಳಾತ್ರೀ ಗುರುಗಳ, ತಂದಿ ಮಗ ಒಂದ ಪಂಕ್ತ್ಯಾಗ ಕುಂತು ಉಂಡಿಲ್ಲ” ಎಂದರು. ಆಸ್ತಿಯ ಜಗಳವಿರಬೇಕೆಂದು ನಾವು ಭಾವಿಸಿದ್ದೆವು. ಅದು ಎಣ್ಣೆಯ ಜಗಳವಾಗಿತ್ತು.

ಮೂರು ವರ್ಷದ ಹಿಂದೆ ಸಾಲ ಮಾಡಿ ತಂದ ಟ್ರ್ಯಾಕ್ಟರು. ಮಗ ಓದಿದ ಹುಡುಗ, ಯಂತ್ರದ ಮೇಲೆ ಅಕ್ಕರೆಯುಳ್ಳವನು. ಒಳ್ಳೆಯದನ್ನೇ ಹಾಕೋಣವೆಂದು ತುಟ್ಟಿಯ ಸಿಂಥೆಟಿಕ್ ಎಣ್ಣೆ ತಂದು ಹಾಕಿದ. ಇದು ಬೇಗ ಕೆಡುವ ಎಣ್ಣೆಯಲ್ಲ, 250 ತಾಸಿಗೆ ಬದಲು 500 ತಾಸಿಗೆ ತೆಗೆದರೂ ಸಾಕೆಂದು ಅಂಗಡಿಯವರು ಹೇಳಿದ ಮಾತನ್ನು ನಂಬಿದ. ಹೆಸರಿನ ರಾಶಿ ಮುಗಿಯುವ ವೇಳೆಗೆ ಟ್ರ್ಯಾಕ್ಟರು ನೀಲಿ ಹೊಗೆ ಬಿಡತೊಡಗಿತು, ಎಳೆಯುವ ಕಸುವು ಕುಗ್ಗಿತು. ಎಂಜಿನ್ನು ಬಿಚ್ಚಿ ಗ್ಯಾರೇಜಿನಲ್ಲಿ ಇಟ್ಟಾಗ ಹಿಂಗಾರಿಯ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಎರೆಯ ಹದವೆಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಮಣ್ಣು ಒಣಗಿದ ಮೇಲೆ ಕಡಲೆಯ ಬೀಜ ಹಾಕಿದರೆ ಅದು ನೆಲದಲ್ಲಿಯೇ ಉಳಿಯುತ್ತದೆ. ಬಾಡಿಗೆಯ ಟ್ರ್ಯಾಕ್ಟರಿನವರು ತಮ್ಮ ಪಾಳಿ ಮುಗಿಸಿ ಇವರಲ್ಲಿಗೆ ಬರುವ ಹೊತ್ತಿಗೆ ಅರ್ಧ ಹೊಲ ಬಿತ್ತಲು ಬಂತು, ಅರ್ಧ ಪಡ ಬಿತ್ತು. ಸಾಲದ ಕಂತು ಮಾತ್ರ ಅರ್ಧವಾಗಲಿಲ್ಲ.

“ಹುಡುಗ ತಂದ ತುಟ್ಟಿ ಎಣ್ಣಿ ನೋಡ್ರಿ, ಎಂಜಿನ್ನ ತಿಂದು ಹಾಕ್ತು” ಎಂದು ತಂದೆ. ಹಳೆಯ ಗಾಡಿಯನ್ನು ದುಡಿಸಿದ ಹಾಗೆ ಹೊಸದನ್ನೂ ದುಡಿಸಿ ಅಪ್ಪನೇ ಕೆಡಿಸಿದನೆಂದು ಮಗ. ಇಬ್ಬರನ್ನೂ ಕರೆದುಕೊಂಡು ನಾವು ಮಿಸ್ತ್ರಿಯ ಬಳಿಗೆ ಹೋದೆವು. ಆತ ಮೊದಲು ತೋರಿಸಿದ್ದು ಎಣ್ಣೆಯನ್ನಲ್ಲ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯನ್ನು. ಅದರ ಕೆಳಬದಿಯಲ್ಲಿ ಬೆರಳಗಲ ಬಿರುಕು. ಒಳಗೆ ಬೆರಳಾಡಿಸಿದರೆ ಎರೆಮಣ್ಣಿನ ನುಣ್ಣನೆಯ ಹುಡಿ. ಪಿಸ್ಟನ್ನಿನ ಎಲ್ಲಕ್ಕಿಂತ ಮೇಲಿನ ರಿಂಗು ಕತ್ತಿಯಂತೆ ತೆಳ್ಳಗಾಗಿತ್ತು, ಲೈನರಿನ ಮೇಲಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸವೆತವಿತ್ತು. ಕೆಳಗಿನ ಬೇರಿಂಗುಗಳು ಬಹುಮಟ್ಟಿಗೆ ಚೆನ್ನಾಗಿಯೇ ಇದ್ದವು. ಧೂಳು ಗಾಳಿಯ ದಾರಿಯಿಂದ ಹೊಕ್ಕರೆ ಮೇಲಿನ ರಿಂಗು ಮೊದಲು ಸವೆಯುತ್ತದೆ, ಎಣ್ಣೆಯೇ ಹೊಲಸಾಗಿದ್ದರೆ ಬೇರಿಂಗುಗಳು ಮೊದಲು ಸವೆಯುತ್ತವೆ ಎಂಬುದು ಬಲ್ಲ ಮಿಸ್ತ್ರಿಗಳೆಲ್ಲ ಒಪ್ಪುವ ಮಾತು. “ಎಣ್ಣಿ ಏನ್ ಮಾಡೀತ್ರೀ? ಗಾಳಿ ದಾರಿಯೊಳಗ ಹೊಲಾನ ಹೊಕ್ಕೈತಿ” ಎಂದ ಆತ. ತಂದೆ ಮಗ ಇಬ್ಬರೂ ಆ ಕೊಳವೆಯನ್ನೇ ನೋಡುತ್ತ ನಿಂತರು.

ಈಗ ಎಣ್ಣೆಗೆ ಬರೋಣ.

ನಮ್ಮ ಹಿರಿಯರು ಚಕ್ಕಡಿಯ ಅಚ್ಚಿಗೆ ಔಡಲೆಣ್ಣೆ ಹಾಕುತ್ತಿದ್ದರು. ದೂರದ ಜಾತ್ರೆಗೆ ಹೋಗುವ ಚಕ್ಕಡಿಯ ಕೆಳಗೆ ಎಣ್ಣೆಯ ಗೊಟ್ಟ ತೂಗುತ್ತಿದ್ದುದನ್ನು ನಮ್ಮ ವಯಸ್ಸಿನವರು ಕಂಡಿದ್ದಾರೆ. ಅದು ಹಳ್ಳಿಗಾಡಿನ ಅಗ್ಗದ ಉಪಾಯವೆಂದು ಯಾರೂ ತಿಳಿಯಬಾರದು. ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಿಗೂ ಔಡಲೆಣ್ಣೆಯನ್ನೇ ಹಾಕುತ್ತಿದ್ದರು. ಇಂದು ಅಂಗಡಿಗಳಲ್ಲಿ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು 1909ರಲ್ಲಿ. ಔಡಲಕ್ಕೆ ಇಂಗ್ಲಿಷಿನಲ್ಲಿರುವ ಕ್ಯಾಸ್ಟರ್ ಎಂಬ ಹೆಸರಿನಿಂದಲೇ ಅದು ಬಂದಿದೆ. ಔಡಲೆಣ್ಣೆಯ ಜಿಗುಟು ದೊಡ್ಡ ಗುಣ. ಬಿಸಿಯಲ್ಲಿ ಬಹಳ ಹೊತ್ತು ಕುದಿದರೆ ಅಂಟಾಗುವುದು ಅದರ ದೊಡ್ಡ ದೋಷ. ಆದ್ದರಿಂದ ಎಂಜಿನ್ನುಗಳು ಅದನ್ನು ಬಿಟ್ಟು ನೆಲದೊಳಗಿನ ಎಣ್ಣೆಯನ್ನು ಹಿಡಿದವು.

ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಸೋಸಿ, ಬೇರ್ಪಡಿಸಿ, ಶುದ್ಧಿ ಮಾಡಿ ತೆಗೆದದ್ದು ಮಿನರಲ್ ಎಣ್ಣೆ. ಸಾಮಾನ್ಯ ಎಣ್ಣೆ, ಮಾಮೂಲಿ ಎಣ್ಣೆ ಎಂದು ನಾವು ಕರೆಯುವುದು ಇದನ್ನೇ. ಅದರಲ್ಲಿ ಸಣ್ಣ ದೊಡ್ಡ ಅಣುಗಳು ಕಾಳಿನ ರಾಶಿಯಲ್ಲಿ ಜೊಳ್ಳು ಗಟ್ಟಿ ಬೆರೆತಂತೆ ಬೆರೆತಿರುತ್ತವೆ. ಸಿಂಥೆಟಿಕ್ ಎಂದರೆ ಕಾರ್ಖಾನೆಯಲ್ಲಿ ಅಣುವಿಗೆ ಅಣು ಜೋಡಿಸಿ ಕಟ್ಟಿದ ಎಣ್ಣೆ. ಅದರ ಕಾಳೆಲ್ಲ ಒಂದೇ ಅಳತೆಯವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಯಂ ಸಾಲದೆ ಜರ್ಮನಿಯವರು ಈ ದಾರಿ ಹಿಡಿದರು. ಆಮೇಲೆ ಜೆಟ್ ವಿಮಾನಗಳ ಬೇಗೆಯನ್ನು ಮಿನರಲ್ ಎಣ್ಣೆ ತಾಳದೆ ಹೋದುದರಿಂದ ಅಲ್ಲಿಯೂ ಇದು ಬೇಕಾಯಿತು. 1974ರಲ್ಲಿ ಅಮೆರಿಕದ ಪೇಟೆಗೆ ಮೊಬಿಲ್ 1 ಬಂದ ಮೇಲೆ ಕಾರು ಉಳ್ಳವರ ಬಾಯಲ್ಲಿ ಸಿಂಥೆಟಿಕ್ ಎಂಬ ಮಾತು ಹರಡಿತು.

ಇಲ್ಲಿ ಒಂದು ತೊಡಕಿದೆ. ಕಚ್ಚಾ ಎಣ್ಣೆಯಿಂದಲೇ ಬಂದದ್ದಾದರೂ ಹೆಚ್ಚಿನ ಒತ್ತಡದಲ್ಲಿ ಜಲಜನಕ ಹಾಯಿಸಿ ಅಣುಗಳನ್ನೇ ಒಡೆದು ತಿದ್ದಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದೇ ಮಾರುವ ರೂಢಿ ಬೆಳೆಯಿತು. ಇದು ಸರಿಯೇ ತಪ್ಪೇ ಎಂದು ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ವ್ಯಾಜ್ಯವಾಗಿ, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಹಾಗೆ ಕರೆಯಲು ಆಧಾರವಿದೆಯೆಂದು ಹೇಳಿತು. ಅಂದಿನಿಂದ ಡಬ್ಬಿಯ ಮೇಲಿನ ಸಿಂಥೆಟಿಕ್ ಎಂಬ ಒಂದು ಶಬ್ದದಿಂದ ಒಳಗಿರುವುದು ಯಾವ ಬಗೆಯದೆಂದು ತಿಳಿಯುವಂತಿಲ್ಲ. ಸೆಮಿ ಸಿಂಥೆಟಿಕ್ ಎಂಬುದಂತೂ ಬೆರಕೆ; ಎಷ್ಟಕ್ಕೆ ಎಷ್ಟು ಬೆರಸಿದ್ದಾರೆಂಬುದನ್ನು ಡಬ್ಬಿ ಹೇಳುವುದಿಲ್ಲ.

ಸಿಂಥೆಟಿಕ್ ಎಣ್ಣೆ ಹಾಗಾದರೆ ಬರೀ ಹೆಸರಿನ ವ್ಯಾಪಾರವೇ ಎಂದರೆ ಅದೂ ಅಲ್ಲ. ಮೊದಲು ರೋಣ ತಾಲೂಕಿನಲ್ಲಿಯೇ ಇದ್ದು ಈಗ ತಾನೇ ತಾಲೂಕಾಗಿರುವ ಗಜೇಂದ್ರಗಡಕ್ಕೆ ಹೋದವರು ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಗಾಳಿಯಂತ್ರಗಳಲ್ಲಿ ಗಿಯರ್ ಇಲ್ಲದ ಬಗೆಯೂ ಉಂಟು. ಗಿಯರ್ ಪೆಟ್ಟಿಗೆ ಇರುವ ಬಗೆಯಲ್ಲಿ ಸಾಮಾನ್ಯವಾಗಿ ಸಿಂಥೆಟಿಕ್ ಎಣ್ಣೆಯನ್ನೇ ಹಾಕುತ್ತಾರೆ. ಅಷ್ಟು ಎತ್ತರಕ್ಕೆ ಎಣ್ಣೆ ಏರಿಸಿ ಇಳಿಸುವುದು ಸುಲಭವಲ್ಲ. ಒಮ್ಮೆ ಹಾಕಿದ್ದು ವರ್ಷಗಟ್ಟಲೆ ಬಾಳಬೇಕು. ಅಲ್ಲಿ ತುಟ್ಟಿಯ ಎಣ್ಣೆಯೇ ಅಗ್ಗ. ಅದೇ ಗುಡ್ಡದ ಬುಡದ ಹೊಲದಲ್ಲಿ ಹರಗುವ ಟ್ರ್ಯಾಕ್ಟರಿನ ಎಣ್ಣೆಯ ಬಿರಡೆ ನೆಲದಿಂದ ಒಂದು ಮೊಳ ಮೇಲಿದೆ, ಒಂದು ಪಾನಾ ಸಾಕು.

ಸಿಂಥೆಟಿಕ್ ಎಣ್ಣೆಯ ಮೊದಲನೆಯ ಹಿರಿಮೆ ಚಳಿಯಲ್ಲಿ. ಡಬ್ಬಿಯ ಮೇಲೆ 20ಡಬ್ಲ್ಯೂ–40 ಎಂದೋ 15ಡಬ್ಲ್ಯೂ–40 ಎಂದೋ ಬರೆದಿರುತ್ತದೆ. ಡಬ್ಲ್ಯೂ ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಸಣ್ಣದಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಮುಂದಿನ 40 ಎಂಬುದು ಎಂಜಿನ್ನು ಕಾದು 100 ಡಿಗ್ರಿ ಬಿಸಿಯಾದಾಗ ಎಣ್ಣೆ ಎಷ್ಟು ಮಂದವಾಗಿರಬೇಕೆಂಬ ಗುರುತು. 5ಡಬ್ಲ್ಯೂ ಎಣ್ಣೆಯನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸುತ್ತಾರೆ, 15ಡಬ್ಲ್ಯೂ ಎಣ್ಣೆಯನ್ನು 20 ಡಿಗ್ರಿ ಕೆಳಗೆ, 20ಡಬ್ಲ್ಯೂ ಎಣ್ಣೆಯನ್ನು 15 ಡಿಗ್ರಿ ಕೆಳಗೆ. ಲಡಾಖಿನ ಲೇಹ್‌ನಲ್ಲಿ ಲಾರಿ ನಡೆಸುವವರಿಗೆ ಈ ಅಂಕಿಗಳು ಪ್ರಾಣದ ಪ್ರಶ್ನೆ. ನರಗುಂದದಲ್ಲಿ ಮಾರ್ಗಶಿರದ ಬೆಳಗಿನ ಜಾವ ಕಂಬಳಿ ಹೊದ್ದು ನಡುಗುತ್ತೇವೆಂಬುದು ನಿಜವಾದರೂ ನೀರು ಹೆಪ್ಪುಗಟ್ಟಿದ್ದನ್ನು ನಾವು ಯಾರೂ ಕಂಡಿಲ್ಲ. ಮಾಮೂಲಿ 20ಡಬ್ಲ್ಯೂ–40 ಎಣ್ಣೆಗೆ ಇಲ್ಲಿಯ ಚಳಿ ಚಳಿಯೇ ಅಲ್ಲ. ಇಲ್ಲಿ 5ಡಬ್ಲ್ಯೂವಿಗೆ ಹೆಚ್ಚಿನ ಬೆಲೆ ತೆತ್ತವರು ಹಿಮಾಲಯದ ಕಂಬಳಿಯನ್ನು ಕೊಂಡು ಚೈತ್ರದಲ್ಲಿ ಹೊದ್ದಂತೆ.

ಎರಡನೆಯದು ಬೇಗೆ. ಇದರಲ್ಲಿ ಸ್ವಲ್ಪ ತಾಳ್ಮೆಯಿಂದ ವಿವೇಚಿಸಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ಬಿಸಿಲು ಬೀಳುತ್ತದೆ, ಆ ಬಿಸಿಲಿನಲ್ಲಿಯೇ ಎರೆಯ ಹೆಂಟೆಯನ್ನು ಆಳವಾಗಿ ಮಗುಚಬೇಕು, ಆದ್ದರಿಂದ ಸಿಂಥೆಟಿಕ್ ಬೇಕೆಂದು ಅಂಗಡಿಯವರು ಹೇಳುವುದು ಕೇಳಲು ಹಿತವಾಗಿದೆ. ಆದರೆ ಹೊರಗೆ 25 ಇರಲಿ 40 ಇರಲಿ, ರೇಡಿಯೇಟರಿನಲ್ಲಿ ನೀರಿದ್ದು ಜಾಲರಿಯಲ್ಲಿ ಹೊಟ್ಟು ಕಟ್ಟಿಲ್ಲದಿದ್ದರೆ ಎಂಜಿನ್ನಿನ ಒಳಗಿನ ಬಿಸಿ ಹೆಚ್ಚು ಏರುಪೇರಾಗದು. ಆ ಬಿಸಿಯನ್ನು ತಾಳಲೆಂದೇ ಮಿನರಲ್ ಎಣ್ಣೆಯ 40ರ ಅಂಕಿ ಇರುವುದು. ಟರ್ಬೊ ಇರುವ ಎಂಜಿನ್ನಿನ ಮಾತು ಬೇರೆ. ಹೊಗೆಯ ರಭಸದಿಂದ ತಿರುಗುವ ಆ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಅದರ ಅಚ್ಚಿನ ಬಳಿ ಎಣ್ಣೆ ಕರಕಾಗುವಷ್ಟು ಕಾವು. ಅಲ್ಲಿ ಸಿಂಥೆಟಿಕ್ ಎಣ್ಣೆ ನಿಜವಾಗಿಯೂ ಹೆಚ್ಚು ತಾಳುತ್ತದೆ. ಟರ್ಬೊ ಗಾಡಿಯವರು ಯಾವ ಎಣ್ಣೆ ಹಾಕಿದರೂ, ಭಾರ ಎಳೆದು ಬಂದೊಡನೆ ಬಂದ್ ಮಾಡದೆ ಎರಡು ಮೂರು ನಿಮಿಷ ಸುಮ್ಮನೆ ತಿರುಗಲು ಬಿಡಬೇಕು. ಅದಕ್ಕೆ ಖರ್ಚಿಲ್ಲ.

ಮೂರನೆಯದು ದೀರ್ಘಾಯುಷ್ಯ. ರೋಣದ ಆ ಹುಡುಗ ಬಿದ್ದದ್ದು ಈ ಕುಣಿಯಲ್ಲಿಯೇ. ಇಲ್ಲಿ ಒಂದು ಲೆಕ್ಕ ಮಾಡೋಣ. ಟ್ರ್ಯಾಕ್ಟರಿನ ಹೊಟ್ಟೆಗೆ 7 ಲೀಟರ್ ಎಣ್ಣೆ ಹಿಡಿಯುತ್ತದೆ, ಸಿಂಥೆಟಿಕ್ಕಿಗೆ ಎರಡು ಪಟ್ಟು ಬೆಲೆ ಎಂದು ಇಟ್ಟುಕೊಳ್ಳಿರಿ. ಕೆಲವು ಕಡೆ ಅದಕ್ಕಿಂತ ಹೆಚ್ಚೂ ಇರುತ್ತದೆ. ಬಾಡಿಗೆಗೆ ಹೊಡೆಯುವ ಟ್ರ್ಯಾಕ್ಟರು ವರ್ಷಕ್ಕೆ 1,000 ತಾಸು ದುಡಿಯಿತೆನ್ನಿ. 250 ತಾಸಿಗೊಮ್ಮೆ ಮಾಮೂಲಿ ಎಣ್ಣೆ ಬದಲಾಯಿಸಿದರೆ ನಾಲ್ಕು ಸಲಕ್ಕೆ 28 ಲೀಟರ್. ಸಿಂಥೆಟಿಕ್ ಹಾಕಿ 500 ತಾಸು ನಡೆಸಿದರೆ ಎರಡು ಸಲಕ್ಕೆ 14 ಲೀಟರ್. ಬೆಲೆ ಎರಡು ಪಟ್ಟಾದುದರಿಂದ ಹಣ ಅಷ್ಟಕ್ಕಷ್ಟೇ. ಎರಡು ಫಿಲ್ಟರು ಉಳಿದವು, ಅಷ್ಟೇ ಲಾಭ. ಮನೆಯ ಹೊಲಕ್ಕೆ ಮಾತ್ರ ದುಡಿಯುವ ಟ್ರ್ಯಾಕ್ಟರು ವರ್ಷಕ್ಕೆ 200 ತಾಸು ಓಡಿತೆನ್ನಿ. ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಾಯಿಸಬೇಕೆಂದು ಪುಸ್ತಕಗಳು ಹೇಳುತ್ತವೆ; ನಿಂತ ಎಂಜಿನ್ನಿನಲ್ಲಿಯೂ ತೇವ ಕೂಡುತ್ತದೆ, ಎಣ್ಣೆ ಹುಳಿಯುತ್ತದೆ. ಹಾಗಾದರೆ ಆ ಮನೆಯವರು ಕೊಂಡ 500 ತಾಸಿನ ಆಯುಷ್ಯದಲ್ಲಿ 300 ತಾಸು ಉಪಯೋಗವಾಗದೆಯೇ ಹೊರಗೆ ಹರಿದುಹೋಗುತ್ತದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಎರಡನೆಯ ಮನೆಯವರೇ ಇದ್ದೀರಿ.

ಅದಿರಲಿ, ಬಾಡಿಗೆಯವರಾದರೂ 500 ತಾಸು ನಡೆಸಬಹುದೇ? ಟ್ರ್ಯಾಕ್ಟರಿನ ಪುಸ್ತಕವೇ ಹಾಗೆ ಹೇಳಿದ್ದರೆ ನಡೆಸಬಹುದು. ಎಣ್ಣೆಯ ಡಬ್ಬಿ ಹೇಳಿದರೆ ಸಾಲದು. ಎಣ್ಣೆ ತಾನು ಹಳಸುವುದರಿಂದ ಮಾತ್ರ ನಾವು ಅದನ್ನು ಬದಲಾಯಿಸುವುದಿಲ್ಲ. ಅದು ಹೊತ್ತ ಹೊಲಸಿಗಾಗಿಯೂ ಬದಲಾಯಿಸುತ್ತೇವೆ. ಡೀಸೆಲ್ ಉರಿದ ಮಸಿ, ಸೋಸಿದರೂ ಸಿಗದ ನುಣುಪು ಧೂಳು, ಲೋಹದ ಹುಡಿ, ಉರಿಯದೆ ಇಳಿದ ಡೀಸೆಲ್, ತೇವ ಇವೆಲ್ಲವನ್ನೂ ಎಣ್ಣೆ ಹೊರುತ್ತದೆ. ಹೊರುವ ಶಕ್ತಿಯನ್ನು ಕೊಡುವುದು ಅದರಲ್ಲಿ ಬೆರೆಸಿದ ಔಷಧಗಳು. ಅವು ಎರಡೂ ಬಗೆಯ ಎಣ್ಣೆಯಲ್ಲಿ ಇರುತ್ತವೆ, ಎರಡರಲ್ಲಿಯೂ ಮುಗಿಯುತ್ತವೆ. ಬದಲಾಯಿಸಿದ ವಾರದಲ್ಲಿಯೇ ಎಣ್ಣೆ ಕಪ್ಪಾಯಿತೆಂದು ಗಾಬರಿಪಡುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಅದು ಮಸಿಯನ್ನು ತನ್ನಲ್ಲಿ ತೇಲಿಸಿ ಇಟ್ಟುಕೊಂಡಿದೆ ಎಂಬುದರ ಗುರುತು. ಕಪ್ಪಾಗದಿದ್ದರೆ ಮಸಿ ಒಳಗೆಲ್ಲೋ ಕೂತಿದೆಯೆಂದು ಚಿಂತಿಸಬೇಕು. ಹಾಲು ಬೆರೆತಂತೆ ಬಿಳಿಚಿದರೆ ನೀರು ಸೇರಿದೆ. ಗೇಜು ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಪಂಪಿನ ಕಡೆ ದೋಷವಿದೆ. ಆ ಎರಡರಲ್ಲಿ ಯಾವುದು ಕಂಡರೂ ತಾಸು ಎಣಿಸುತ್ತ ಕೂಡಬಾರದು.

ಒಂದು ಸಮಾಧಾನದ ಸಂಗತಿಯೂ ಉಂಟು. ಹಿಂದೆ ಡೀಸೆಲಿನಲ್ಲಿ ಗಂಧಕ ಬಹಳ ಇರುತ್ತಿತ್ತು. ಅದು ಉರಿದು ತೇವದೊಡನೆ ಸೇರಿ ಆಮ್ಲವಾಗಿ ಎಣ್ಣೆಯನ್ನು ಕೆಡಿಸುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದಿರುವ ಡೀಸೆಲಿನಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಗಂಧಕವಿರಬಾರದೆಂಬ ಕಟ್ಟಳೆ. ಮಾಮೂಲಿ ಎಣ್ಣೆಯ ಮೇಲಿನ ಒಂದು ಹೊರೆ ಹೀಗೆ ತಾನಾಗಿಯೇ ಇಳಿದಿದೆ.

ಇಳಿಯದ ಹೊರೆ ಧೂಳಿನದು. ಒಂದು ಲೀಟರ್ ಡೀಸೆಲ್ ಉರಿಯಬೇಕಾದರೆ ಎಂಜಿನ್ನು ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಸೆಳೆಯಬೇಕು. ಎಂತಹ ಗಾಳಿ! ಮಲಪ್ರಭೆಯ ಕಾಲುವೆ ಹರಿಯುವ ನರಗುಂದದ ಹೊಲಗಳಲ್ಲಿ ಮಣ್ಣಿಗೆ ತೇವವಿರುವಾಗ ಧೂಳು ಅಷ್ಟಿಲ್ಲ. ಅಲ್ಲಿಯ ಕಷ್ಟ ಜಿಗುಟು ಮಣ್ಣಿನ ಎಳೆತ. ಗಜೇಂದ್ರಗಡದ ಕಡೆಯ ಮಸಾರಿಯಲ್ಲಿ ಎಳೆತ ಹಗುರ, ಮರಳು ಬೆರೆತ ಧೂಳು ಹರಿತ. ರೋಣದ ಒಣಬೇಸಾಯದ ಎರೆಯಲ್ಲಿ, ಮಾಘ ಫಾಲ್ಗುಣದಲ್ಲಿ ಕಡಲೆಯ ರಾಶಿ ನಡೆಯುವಾಗ ಟ್ರ್ಯಾಕ್ಟರು ಕಣದಲ್ಲಿ ಒಂದೇ ಕಡೆ ನಿಂತು, ರಾಶಿ ಯಂತ್ರ ಎಬ್ಬಿಸಿದ ಹೊಟ್ಟಿನ ಮೋಡವನ್ನು ತಾಸುಗಟ್ಟಲೆ ಉಸಿರಾಡುತ್ತದೆ. ನಮ್ಮ ಹೆಣ್ಣುಮಕ್ಕಳು ಸೆರಗು ಮೂಗಿಗೆ ಕಟ್ಟಿಕೊಂಡು ನಿಲ್ಲುವ ಗಾಳಿ ಅದು. ಎಂಜಿನ್ನಿನ ಸೆರಗು ಎಂದರೆ ಏರ್ ಕ್ಲೀನರು. ಅದು ಹರಿದಿದ್ದರೆ ಒಳಗೆ ಮಿನರಲ್ ಇದ್ದರೇನು, ಸಿಂಥೆಟಿಕ್ ಇದ್ದರೇನು? ಎಣ್ಣೆಗೆ ಧೂಳು ಬೆರೆತಾಗ ಅದು ಎಣ್ಣೆಯಾಗಿ ಉಳಿಯದು, ಸಾಣೆ ಹಿಡಿಯುವ ಮಸಾಲೆಯಾಗುತ್ತದೆ.

ಆ ಮನೆಯ ತಂದೆಯನ್ನು ನಾವು ಒಂದು ಮಾತು ಕೇಳಿದೆವು. ಹಳೆಯ ಟ್ರ್ಯಾಕ್ಟರು ಅಷ್ಟು ವರ್ಷ ಹೇಗೆ ಬಾಳಿತು? ಆತ ಯೋಚಿಸಿ ಹೇಳಿದ: ರಾಶಿಯ ದಿನಗಳಲ್ಲಿ ಪ್ರತಿ ಸಂಜೆ ಏರ್ ಕ್ಲೀನರಿನ ಎಣ್ಣೆಯ ಬಟ್ಟಲನ್ನು ಇಳಿಸಿ, ಕೆಸರು ಚೆಲ್ಲಿ, ಒರೆಸಿ, ಗೆರೆಯ ಮಟ್ಟಕ್ಕೆ ಹೊಸ ಎಣ್ಣೆ ಹಾಕುತ್ತಿದ್ದೆ. ಹಾಗೆ ಮಾಡಬೇಕೆಂದು ಮಗನಿಗೆ ಹೇಳಿದ್ದೆಯಾ? ಇಲ್ಲ. ಹೊಸ ಗಾಡಿಯಲ್ಲಿ ಎಣ್ಣೆಯ ಬಟ್ಟಲೇ ಇಲ್ಲ, ಕಾಗದದ ಒಣ ಫಿಲ್ಟರು. ತೆಗೆದು ತೊಳೆಯುವಂಥದ್ದು ಏನೂ ಕಾಣದುದರಿಂದ ಆತ ಅದನ್ನು ಮುಟ್ಟಲಿಲ್ಲ. ಮಗನಿಗೆ ಆ ಸಂಜೆಯ ಕೆಲಸದ ಕಾರಣವೇ ಗೊತ್ತಿರಲಿಲ್ಲ. ಒಬ್ಬನಲ್ಲಿ ರೂಢಿ ಇತ್ತು, ಇನ್ನೊಬ್ಬನಲ್ಲಿ ಓದು ಇತ್ತು. ಎರಡೂ ಒಂದೇ ಅಟ್ಟದ ಕೆಳಗಿದ್ದು ಭೇಟಿಯಾಗಿರಲಿಲ್ಲ.

ಒಣ ಫಿಲ್ಟರಿನವರು ಹೀಗೆ ಮಾಡಬಹುದು. ಧೂಳಿನ ದಿನಗಳಲ್ಲಿ ಮುಂದಿನ ಧೂಳುಬಟ್ಟಲನ್ನು ದಿನವೂ ಬರಿದು ಮಾಡಿರಿ. ಫಿಲ್ಟರನ್ನು ಪುಸ್ತಕ ಹೇಳಿದಾಗ ಮಾತ್ರ ಹೊರತೆಗೆದು, ಹಗುರವಾದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಿರಿ; ಹೊರಗಿನಿಂದ ಊದಿದರೆ ಧೂಳು ಕಾಗದದಲ್ಲಿ ಇನ್ನೂ ಆಳಕ್ಕೆ ಕೂಡುತ್ತದೆ. ಗಾಲಿಗೆ ಬಡಿದು ಕೊಡವುವ ಚಟ ಬಿಡಿರಿ. ಕತ್ತಲೆ ಕೋಣೆಯಲ್ಲಿ ಫಿಲ್ಟರಿನೊಳಗೆ ಒಂದು ದೀಪ ಹಿಡಿದು ನೋಡಿರಿ. ಚುಕ್ಕಿಯಷ್ಟು ಬೆಳಕು ಹೊರಬಂದರೂ ಅದನ್ನು ಎಸೆಯಬೇಕು. ರಬ್ಬರ್ ಕೊಳವೆಯನ್ನು ಮೇಲಿನಿಂದ ನೋಡಿ ತೃಪ್ತಿಪಡದೆ ಕೆಳಬದಿಗೆ ಕೈಯಾಡಿಸಿರಿ, ಬಿಗಿಯುವ ಪಟ್ಟಿಯ ತಿರುಪು ಸಡಿಲವಾಗಿದೆಯೇ ನೋಡಿರಿ. ಎಣ್ಣೆ ಬಟ್ಟಲಿನ ಹಳೆಯ ಗಾಡಿಯವರಿಗೆ ಆ ತಂದೆಯ ರೂಢಿಯೇ ಸಾಕು. ಬಟ್ಟಲಿಗೆ ಸುಟ್ಟೆಣ್ಣೆ ಹಾಕಬಾರದು, ಗೆರೆಗಿಂತ ಮೇಲೆ ತುಂಬಲೂಬಾರದು.

ಇನ್ನು ಪತ್ರ ಬರೆದ ನರಗುಂದದ ಬಂಧುಗಳಿಗೆ ನೇರ ಉತ್ತರ. ನಿಮ್ಮದು ಟರ್ಬೊ ಇಲ್ಲದ, 50 ಅಶ್ವಶಕ್ತಿಯ ಒಳಗಿನ ಟ್ರ್ಯಾಕ್ಟರಾಗಿದ್ದರೆ ಒಳ್ಳೆಯ ಮಿನರಲ್ ಎಣ್ಣೆಯನ್ನೇ ಹಾಕಿರಿ ಎಂಬುದು ನಮ್ಮ ಅಭಿಪ್ರಾಯ. ಒಳ್ಳೆಯದೆಂದರೆ ಯಾವುದು? ಪುಸ್ತಕದಲ್ಲಿ ಹೇಳಿದ ಮಂದತೆಯ ಅಂಕಿ, ಪುಸ್ತಕದಲ್ಲಿ ಹೇಳಿದ ದರ್ಜೆಯ ಅಕ್ಷರ, ಈ ಎರಡೂ ಡಬ್ಬಿಯ ಮೇಲೆ ಇರಬೇಕು. ಡೀಸೆಲ್ ಎಂಜಿನ್ನಿನ ದರ್ಜೆ ಸಿ ಅಕ್ಷರದಿಂದ ಆರಂಭವಾಗುತ್ತದೆ. ಸಿಎಫ್–4 ಎಂಬುದು 1990ರದು, ಸಿಎಚ್–4 ಎಂಬುದು 1998ರದು, ಸಿಐ–4 ಎಂಬುದು 2002ರದು, ಸಿಕೆ–4 ಎಂಬುದು 2016ರದು. ಎಸ್ ಅಕ್ಷರದ ದರ್ಜೆ ಮಾತ್ರ ಇದ್ದರೆ ಅದು ಪೆಟ್ರೋಲ್ ಗಾಡಿಯದು, ಎಷ್ಟೇ ತುಟ್ಟಿಯಾಗಿದ್ದರೂ ಟ್ರ್ಯಾಕ್ಟರಿಗೆ ಸಲ್ಲದು. ಮಿನರಲ್ ಸಿಂಥೆಟಿಕ್ ಎಂಬ ಭೇದಕ್ಕಿಂತ ಈ ಅಕ್ಷರದ ಭೇದ ಹೆಚ್ಚಿನದು. ಉಳಿದ ಹಣದಲ್ಲಿ ಒಂದು ಎಣ್ಣೆ ಫಿಲ್ಟರು, ಒಂದು ಏರ್ ಫಿಲ್ಟರು, ಒಂದು ರಬ್ಬರ್ ಕೊಳವೆ ತಂದು ಮಾಡದಲ್ಲಿ ಇಟ್ಟುಕೊಳ್ಳಿರಿ.

50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಕಟ್ಟಳೆ ಬಿಗಿಯಾಗಿದೆ. ಅವುಗಳ ಎಂಜಿನ್ನು ಬೇರೆ, ಹೊಗೆಯ ಕೊಳವೆಯಲ್ಲಿ ಕೂಡಿಸಿದ ಉಪಕರಣಗಳು ಬೇರೆ. ಕೆಲವಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಅಲ್ಲಿ ನಮ್ಮ ಅಭಿಪ್ರಾಯವೂ ಬೇಡ, ಮಿಸ್ತ್ರಿಯದೂ ಬೇಡ. ಪುಸ್ತಕ ಸಿಂಥೆಟಿಕ್ ಎಂದರೆ ಸಿಂಥೆಟಿಕ್ಕೇ. ವಾರಂಟಿಯ ಅವಧಿಯಲ್ಲಿರುವ ಯಾವ ಗಾಡಿಗೂ ಇದೇ ಮಾತು.

ಹೊಗೆ ಬಿಡುತ್ತಿರುವ ಹಳೆಯ ಎಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸುಧಾರಿಸೀತೆಂದು ಕೆಲವರು ಕೇಳುತ್ತಾರೆ. ಸವೆದ ಲೈನರು ಎಣ್ಣೆಯಿಂದ ಬೆಳೆಯುವುದಿಲ್ಲ. ಎರಡೂ ಬಗೆಯನ್ನು ಬೆರೆಸಿದರೆ ಮೊಸರಾಗುತ್ತದೆಂಬ ಭಯವೂ ಬೇಡ. ಹೊಲದ ನಡುವೆ ಮಟ್ಟ ಇಳಿದಾಗ ಅದೇ ಅಂಕಿ, ಅದೇ ದರ್ಜೆಯ ಬೇರೆ ಎಣ್ಣೆ ಹಾಕಿ ಮನೆ ಮುಟ್ಟಬಹುದು. ತುಟ್ಟಿಯದರಲ್ಲಿ ಅಗ್ಗದ್ದು ಬೆರೆತಾಗ ತುಟ್ಟಿಯದರ ಗುಣ ಕುಂದುತ್ತದೆ ಅಷ್ಟೇ.

ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಮಾತ್ರ ಎಂದೂ ಕೊಳ್ಳಬೇಡಿರಿ. ಹೆಸರಾದ ಕಂಪನಿಯ ಖಾಲಿ ಡಬ್ಬಿಗೆ ಸೋಸಿದ ಸುಟ್ಟೆಣ್ಣೆ ತುಂಬಿ ಮಾರುವ ಮೋಸ ದೇಶದಲ್ಲೆಲ್ಲ ಇದೆ. ನಿಮ್ಮ ಮನೆಯ ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ಒಂದು ಮೊಳೆ ಹೊಡೆದು ತೂತು ಮಾಡಿರಿ. ತೆಗೆದ ಸುಟ್ಟೆಣ್ಣೆಯನ್ನು ಗೆದ್ದಲಿಗೆಂದು ಬದುವಿಗೆ ಸುರಿಯುವುದು, ಹಳ್ಳಕ್ಕೆ ಚೆಲ್ಲುವುದು ನಮ್ಮಲ್ಲಿ ಸಾಮಾನ್ಯ. ಅದರಲ್ಲಿರುವ ಲೋಹ ಮತ್ತು ಮಸಿ ನೆಲದಿಂದ ಕೃಷಿಹೊಂಡಕ್ಕೂ, ಅಲ್ಲಿಂದ ದನಗಳ ಬಾಯಿಗೂ ಹೋಗುತ್ತವೆ. ಸರಕಾರದ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಶುದ್ಧೀಕರಣಕ್ಕೆ ಒಯ್ಯುವ ಪರವಾನಗಿಯುಳ್ಳವರಿಗೆ ಮುಟ್ಟಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು.

ರೋಣದ ಆ ಮನೆಯ ಟ್ರ್ಯಾಕ್ಟರು ಹೊಸ ಲೈನರು ಹಾಕಿಸಿಕೊಂಡು ಬಂದಿದೆ. ಈ ಸಲ ಮಿನರಲ್ ಎಣ್ಣೆ, 250 ತಾಸು. ತಾಸಿನ ಲೆಕ್ಕವನ್ನು ಮಗ ಬರೆಯುತ್ತಾನೆ, ಸಂಜೆಯ ಧೂಳುಬಟ್ಟಲು ತಂದೆಯದು. ಪಡ ಬಿದ್ದ ಹೊಲದ ನಷ್ಟ ಇನ್ನೂ ತುಂಬಿಲ್ಲ, ಕಂತು ಎರಡು ಬಾಕಿ ಇವೆ ಎಂದು ತಾಯಿ ಹೇಳಿದರು. ಊಟಕ್ಕೆ ಇಬ್ಬರೂ ಕೂಡಿಯೇ ಕುಳಿತುಕೊಳ್ಳುತ್ತಾರಂತೆ. ಮಾತು ಇನ್ನೂ ಕಡಿಮೆಯೇ.

ಗಿಯರ್ ಪೆಟ್ಟಿಗೆಗೂ ಹೈಡ್ರಾಲಿಕ್ಕಿಗೂ ಹಾಕುವ ಎಣ್ಣೆ ಬೇರೆಯೇ ಬಗೆಯದು. ಎಂಜಿನ್ನಿನ ಎಣ್ಣೆಯನ್ನು ಅದಕ್ಕೆ ಸುರಿದು ಬ್ರೇಕು ಕೆಡಿಸಿಕೊಂಡವರಿದ್ದಾರೆ. ಆ ವಿಷಯ ಮುಂದಿನ ಸಂಚಿಕೆಗೆ.